ಆಯಿಲ್ ಹೆಚ್ಚಿಸುವ ಎಂಜಿನ್

"ರೀ, ಶೆಡ್ಡಿನಿಂದ ಪೆಟ್ರೋಲ್ ವಾಸನೆ ಬರ್ತಿದೆ" ಎಂದಳು ಹೆಂಡತಿ.

"ಗಾಡಿ ನಿಲ್ಲಿಸಿದ ಕಡೆ ಪೆಟ್ರೋಲ್ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ?" ಎಂದೆ. ಇಂಥ ಮಾತುಗಳು ಆಡುವಾಗ ಬಹಳ ಚೆನ್ನಾಗಿರುತ್ತವೆ. ಬೆಳಗ್ಗೆ ಹೋಗಿ ನೋಡಿದರೆ ಗಾಡಿಯ ಕೆಳಗೆ ತಟ್ಟೆಯಗಲ ಒದ್ದೆ.

ಗಾಡಿ ಅಂದರೆ ಎಟಿವಿ. ನಾಲ್ಕು ದಪ್ಪ ಟೈರು, ಬೈಕಿನಂಥ ಹ್ಯಾಂಡಲ್, ಕಾಡುಕೋಣದ ಗತ್ತು. ಕೆಸರು, ಕಲ್ಲು, ದಿಬ್ಬ ಯಾವುದಕ್ಕೂ ಜಗ್ಗದ ಜೀವ. ಅಂಥದ್ದು ನಿಂತಲ್ಲೇ ಕೈಗೂಸಿನ ಹಾಗೆ ಒದ್ದೆ ಮಾಡಿಕೊಂಡಿತ್ತು.

ಬಗ್ಗಿ ನೋಡಿದೆ. ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್‌ನ ಕೆಳಗೆ ಬಾಲದಂತೆ ಒಂದು ಸಣ್ಣ ಪೈಪ್ ಇಳಿಬಿದ್ದಿತ್ತು. ಅದರ ತುದಿಯಿಂದ ತೊಟ್ ತೊಟ್ ಅಂತ ಪೆಟ್ರೋಲ್. ಸೋರುತ್ತಿರುವುದು ಪೈಪ್, ಆದ್ದರಿಂದ ಪೈಪ್ ಮುಚ್ಚಿದರಾಯ್ತು. ಹಳೇ ಡಬ್ಬಿಯಲ್ಲಿ ಹುಡುಕಿದರೆ ಅದರ ಬಾಯಿಗೆ ಅಳತೆ ಕೊಟ್ಟು ಮಾಡಿಸಿದಂಥ ಒಂದು ಬೋಲ್ಟ್ ಸಿಕ್ಕಿತು. ತುರುಕಿದೆ, ಮೇಲೊಂದು ಕ್ಲಿಪ್ ಬಿಗಿದೆ. ನಿಂತೇಹೋಯ್ತು. ಐದು ನಿಮಿಷದ ಕೆಲಸ. ಇಷ್ಟಕ್ಕೆ ಜನ ಮೆಕ್ಯಾನಿಕ್ ಹತ್ತಿರ ಓಡುತ್ತಾರಲ್ಲ ಅಂತ ಅವತ್ತಿಡೀ ಮರುಕಪಟ್ಟೆ.

ಎರಡು ದಿನ ಬಿಟ್ಟು ಎಂಜಿನ್ ಆಯಿಲ್ ನೋಡೋಣ ಅಂತ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗುರುತನ್ನೂ ದಾಟಿತ್ತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಬೇರೆಯವರ ಗಾಡಿಗಳು ಆಯಿಲ್ ಕುಡಿಯುತ್ತವೆ, ನಮ್ಮದು ತಾನೇ ತಯಾರಿಸುತ್ತಿದೆ! ಮಗನನ್ನು ಕರೆದು ತೋರಿಸಿದೆ. ಅವನು ಮೂಸಿ ನೋಡಿ, "ಅಪ್ಪಾ, ಇದು ಅರ್ಧ ಪೆಟ್ರೋಲ್" ಎಂದ.

ಬಾಗಿಲ ಬಳಿ ನಿಂತಿದ್ದ ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಗಾಡಿಗಳ ಸಂಗ ಇರುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ಮನೆ ಮೇಲಿನ ನೀರಿನ ಟ್ಯಾಂಕಿನ ಓವರ್‌ಫ್ಲೋ ಪೈಪನ್ನೂ ಮುಚ್ಚಿದ್ದೀಯಾ?" ಎಂದ. ಆಮೇಲೆ ಪಾಠ ಮಾಡಿದ. ಕಾರ್ಬೊರೇಟರ್‌ನ ತಳದಲ್ಲಿ ಒಂದು ಬೌಲ್, ಅದರಲ್ಲಿ ತೇಲುವ ಫ್ಲೋಟ್. ಪೆಟ್ರೋಲ್ ಏರಿದಂತೆ ಫ್ಲೋಟ್ ಏರುತ್ತದೆ, ಏರುತ್ತಾ ಒಂದು ನೀಡಲನ್ನು ಮೇಲಕ್ಕೆ ಒತ್ತಿ ಬರುವ ದಾರಿ ಮುಚ್ಚುತ್ತದೆ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕೂ ಇದೇ ಲೆಕ್ಕ. ನೀಡಲ್ ಸರಿಯಾಗಿ ಮುಚ್ಚದಿದ್ದರೆ ಪೆಟ್ರೋಲ್ ಮಟ್ಟ ಮೀರುತ್ತದೆ. ಮೀರಿದ್ದು ಹೊರಗೆ ಹೋಗಲಿ ಅಂತಲೇ ಆ ಬಾಲದ ಪೈಪ್ ಇರುವುದು. ನಾನು ಅದರ ಬಾಯಿ ಮುಚ್ಚಿದ್ದರಿಂದ ಪೆಟ್ರೋಲ್ ಕಾರ್ಬೊರೇಟರ್‌ನ ಗಂಟಲಿಗೆ ಏರಿ, ಅಲ್ಲಿಂದ ಸಿಲಿಂಡರಿಗೆ ಇಳಿದು, ಪಿಸ್ಟನ್ ರಿಂಗುಗಳ ಸಂದಿಯಲ್ಲಿ ನುಸುಳಿ ಆಯಿಲ್‌ಗೆ ಸೇರಿತ್ತು.

"ಸ್ಟಾರ್ಟ್ ಮಾಡಿಲ್ಲ ತಾನೇ? ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿಕೊಂಡಿದ್ದರೆ ಪಿಸ್ಟನ್ ಅದನ್ನು ಹಿಂಡೋಕೆ ಆಗಲ್ಲ. ಕನೆಕ್ಟಿಂಗ್ ರಾಡೇ ಬಗ್ಗುತ್ತೆ."

"ಛೆ, ಅಷ್ಟೂ ಗೊತ್ತಿಲ್ವಾ" ಎಂದೆ. ಬ್ಯಾಟರಿ ಡೌನ್ ಆಗಿತ್ತು, ಅದಕ್ಕೇ ಸ್ಟಾರ್ಟ್ ಆಗಿರಲಿಲ್ಲ ಅನ್ನೋದು ಅವನಿಗೆ ಯಾಕೆ ಬೇಕು?

ಮೊದಲ ಅಪ್ಪಣೆ: ಗಾಡಿ ನಿಲ್ಲಿಸಿದ ತಕ್ಷಣ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ, ಬಂದ್. ಎರಡನೆಯದು: ಸ್ಕ್ರೂಡ್ರೈವರ್ ಹಿಡಿಯಿಂದ ಬೌಲಿಗೆ ಮೆಲ್ಲಗೆ ನಾಲ್ಕು ಏಟು. ನೀಡಲ್‌ಗೆ ಕಸ ಸಿಕ್ಕಿಕೊಂಡಿದ್ದರೆ ಬಿಟ್ಟುಹೋಗುತ್ತದೆ. ಬೋಲ್ಟ್ ಕಿತ್ತು, ಏಟು ಕೊಟ್ಟೆ. ಅರ್ಧ ಗಂಟೆ ಶಾಂತವಾಗಿತ್ತು. ಆಮೇಲೆ ಮತ್ತೆ ತೊಟ್.

ಇನ್ನು ಬಿಚ್ಚದೆ ವಿಧಿಯಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡು ಕೂರುತ್ತದೆ. ಹಾಗಾಗಿ ಬಾಗಿಲು ಪೂರ್ತಿ ತೆರೆದು, ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ ಕೂತೆ. ಬೌಲಿಗೆ ನಾಲ್ಕು ಸ್ಕ್ರೂ. ಮೂರು ಬಂದವು. ನಾಲ್ಕನೆಯದರ ತಲೆ ಸವೆದು ಗುಂಡಗಾಯಿತು. ಆ ಮಧ್ಯಾಹ್ನದ ಬಗ್ಗೆ ನಾನು ಮಾತಾಡುವುದಿಲ್ಲ.

ಮೊದಲ ಆರೋಪಿ ಫ್ಲೋಟ್. ತೂತಾಗಿ ಒಳಗೆ ಪೆಟ್ರೋಲ್ ಸೇರಿದ್ದರೆ ಅದು ತೇಲುವುದಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ, ಕುಲುಕುವ ಸದ್ದಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದೆ, ಗುಳ್ಳೆ ಏಳಲಿಲ್ಲ. ನಿರಪರಾಧಿ. ಮುಂದಿನದು ನೀಡಲ್. ಅದರ ರಬ್ಬರ್ ಮೂತಿಯ ಮೇಲೆ ಉಗುರು ಎಳೆದರೆ ಸುತ್ತಲೂ ಒಂದು ಗೆರೆ ಸಿಕ್ಕಿತು. ಒತ್ತಿ ಒತ್ತಿ ಸವೆದ ಗುರುತು. ಸಿಕ್ಕಿಬಿದ್ದ ಕಳ್ಳ! ಹೊಸ ನೀಡಲ್ ತಂದು ಹಾಕಿದೆ.

ಬೌಲ್ ಮುಚ್ಚಲು ಹೋದರೆ ಅದರ ರಬ್ಬರ್ ಗ್ಯಾಸ್ಕೆಟ್ ಕಾಲುವೆಯಲ್ಲಿ ಕೂರುತ್ತಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಬಿಚ್ಚುವಾಗ ಸರಿಯಾಗಿದ್ದದ್ದು ಈಗ ದೊಡ್ಡದಾಗಿದೆ. ಎಳೆದೆ, ತುರುಕಿದೆ, ಬೈದೆ. ಕೊನೆಗೆ ಬೇಸತ್ತು ಅಲ್ಲೇ ಎಸೆದು ಮಲಗಿದೆ. ಬೆಳಗ್ಗೆ ನೋಡಿದರೆ ಅದು ಸಾಧುವಾಗಿ ತನ್ನ ಜಾಗದಲ್ಲಿ ಕೂತಿತು. ಪೆಟ್ರೋಲ್ ಕುಡಿದ ರಬ್ಬರ್ ಉಬ್ಬುತ್ತದೆ, ಒಣಗಿದರೆ ಇಳಿಯುತ್ತದೆ. ಇಡೀ ರಿಪೇರಿಯಲ್ಲಿ ನನ್ನ ಕೈ ತಾಗದೆ ಸರಿಯಾದದ್ದು ಅದೊಂದೇ.

ಕಾಕ್ ಆನ್ ಮಾಡಿದೆ. ಒಂದು ನಿಮಿಷ. ಎರಡು ನಿಮಿಷ. ತೊಟ್.

ಗೆಳೆಯನಿಗೆ ಮತ್ತೆ ಫೋನ್. ಬೌಲಿನೊಳಗೆ ನಿಂತಿರುವ ಓವರ್‌ಫ್ಲೋ ಕೊಳವೆಯೇ ಸೀಳಿದ್ದರೆ ಮಟ್ಟ ಸರಿಯಿದ್ದರೂ ಸೋರುತ್ತದಂತೆ. ಬೌಲನ್ನು ಮತ್ತೆ ಬಿಚ್ಚಿ, ಕೊಳವೆಯ ಬಾಯಿಗಿಂತ ಸ್ವಲ್ಪ ಕೆಳಗಿನವರೆಗೆ ಪೆಟ್ರೋಲ್ ತುಂಬಿ ಕಾದೆ. ಹನಿಯಿಲ್ಲ. "ಹಾಗಾದ್ರೆ ನೀಡಲ್ ಕೂರೋ ಸೀಟ್ ಎಳೆದು ನೋಡು" ಎಂದ. ಎಳೆದೆ. ಅದರ ಸೊಂಟಕ್ಕೆ ಒಂದು ಪುಟ್ಟ ಓ ರಿಂಗ್, ಸೋರದಂತೆ ತಡೆಯುವ ರಬ್ಬರ್ ಬಳೆ. ಗಟ್ಟಿಯಾಗಿ, ಚಪ್ಪಟೆಯಾಗಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿ. ಪೆಟ್ರೋಲ್ ಸೀಟಿನ ಒಳಗಿಂದಲ್ಲ, ಪಕ್ಕದಿಂದ ಬರುತ್ತಿತ್ತು. ನಾನು ಬಾಗಿಲಿಗೆ ಹೊಸ ಬೀಗ ಹಾಕಿ, ಗೋಡೆಯಲ್ಲಿದ್ದ ಕನ್ನ ನೋಡಿರಲಿಲ್ಲ.

ಹೊಸ ಓ ರಿಂಗ್ ಹಾಕಿ, ಕಾರ್ಬೊರೇಟರನ್ನು ಗಾಡಿಗೆ ಕೂರಿಸಿದೆ. ಬೌಲಿನ ತಳದಲ್ಲಿ ಪೆಟ್ರೋಲ್ ಬಸಿಯಲು ಇರುವ ಡ್ರೈನ್ ಮೂತಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಬೌಲಿನ ಪಕ್ಕಕ್ಕೆ ನೆಟ್ಟಗೆ ಹಿಡಿದು, ಕಾಕ್ ತೆರೆದು, ಡ್ರೈನ್ ಸ್ಕ್ರೂ ಸಡಿಲಿಸಿದೆ. ಒಳಗಿನ ಮಟ್ಟ ಹೊರಗೇ ಕಾಣುತ್ತದೆ. ಪೆಟ್ರೋಲ್ ಏರಿತು, ಬೌಲಿನ ಅಂಚಿಗಿಂತ ಸ್ವಲ್ಪ ಕೆಳಗೆ ನಿಂತಿತು. ನಿಂತೇ ಇತ್ತು. ಕಣ್ಣು ಕೀಳದೆ ಅರ್ಧ ಗಂಟೆ ಕೂತೆ.

"ಏನ್ರೀ, ಧ್ಯಾನಾನಾ?"

"ಶ್!" ಎಂದೆ.

ಕೆಟ್ಟ ಆಯಿಲ್ ಬಸಿದು ಹೊಸದು ತುಂಬಿ, ಬ್ಯಾಟರಿ ಚಾರ್ಜ್ ಮಾಡಿ, ಮನೆಯವರನ್ನೆಲ್ಲ ಶೆಡ್ಡಿಗೆ ಕರೆದು ಬಟನ್ ಒತ್ತಿದೆ. ಮೊದಲ ಸಲಕ್ಕೇ ಹಿಡಿಯಿತು. ಎಂಥ ಸದ್ದು! ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಒಂದು ನಿಮಿಷ ಚೆನ್ನಾಗಿ ಓಡಿದ ಎಂಜಿನ್ ಗೊರಗೊರ ಎಂದು ಆರಿಹೋಯಿತು. ಮತ್ತೆ ಒತ್ತಿದೆ, ಇಲ್ಲ. ಇನ್ನೂ ಒತ್ತಿದೆ, ಇಲ್ಲ.

ನೀಡಲ್ ಅಂಟಿಕೊಂಡಿರಬೇಕು ಅಂತ ಸ್ಕ್ರೂಡ್ರೈವರ್ ತೆಗೆದುಕೊಂಡು ಮಲಗಿದೆ. ಎರಡು ಸ್ಕ್ರೂ ಬಿಚ್ಚಿ ಮೂರನೆಯದಕ್ಕೆ ಕೈ ಹಾಕಿದಾಗ ಮಗ ಬಗ್ಗಿ, "ಅಪ್ಪಾ, ಕಾಕ್ ಆಫ್ ಇದೆ. ಇಷ್ಟು ಹೊತ್ತು ಓಡಿದ್ದು ಬೌಲಿನಲ್ಲಿದ್ದ ಪೆಟ್ರೋಲ್‌ನಲ್ಲಿ" ಎಂದ. ಎಂದವನೇ, ಸಹಾಯ ಮಾಡೋಣ ಅಂತ ಕಾಕ್ ತಿರುಗಿಸಿದ. ಸಡಿಲವಾಗಿದ್ದ ಬೌಲಿನ ಸಂದಿಯಿಂದ ಪೆಟ್ರೋಲ್ ನೇರವಾಗಿ ನನ್ನ ಅಂಗಿಯ ತೋಳಿನೊಳಗೆ ಇಳಿಯಿತು.