ಮೊದಲು ರಸೀದಿ, ಆಮೇಲೆ ರೊಕ್ಕ

ಒಂದು ಲಕ್ಷ ಕೋಟಿ ಅಂದರೆ ಒಂದರ ಮುಂದೆ 12 ಸೊನ್ನೆ. ಪೇಪರಿನ ಅಂಚಿನಲ್ಲಿ ಬರೆದು ನೋಡಿದೆ. ಜಾಗ ಸಾಲದೆ ಕೊನೆಯ ಸೊನ್ನೆಗಳು ಪಕ್ಕದ ಶ್ರದ್ಧಾಂಜಲಿ ಜಾಹೀರಾತಿನೊಳಗೆ ಹೊಕ್ಕವು. ಸಂಶೋಧನೆಗೆ ಅಂತ ದೆಹಲಿಯವರು ತೆಗೆದಿಟ್ಟ ನಿಧಿ ಇದು. 2025ರ ಜುಲೈಯಲ್ಲಿ ಸಂಪುಟ ಒಪ್ಪಿತು, ನವೆಂಬರಿನಲ್ಲಿ ಉದ್ಘಾಟನೆಯೂ ಆಯಿತು. ನೀವೆಲ್ಲ ಓದಿದ್ದೀರಿ. ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೂ ಬಂತು, ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಅನ್ನುವ ಮೆಸೇಜಿನ ಕೆಳಗೆ.

ವಿವರ ಓದಿದೆ. ದುಡ್ಡು ಹೋಗುವುದು ಖಾಸಗಿ ಕಂಪನಿಗಳ ಕಡೆಗೆ. ಬಹುಪಾಲು ಸಾಲವಾಗಿ, ಕಡಿಮೆ ಬಡ್ಡಿಗೆ ಅಥವಾ ಬಡ್ಡಿಯೇ ಇಲ್ಲದೆ. ಅದಕ್ಕೂ ತಂತ್ರಜ್ಞಾನ ಒಂದಷ್ಟು ಬಲಿತಿರಬೇಕಂತೆ. ಟಿಆರ್‌ಎಲ್ ಅಂತ ಒಂಬತ್ತು ಮೆಟ್ಟಿಲು ಇವೆ, ನಾಲ್ಕನೆಯದನ್ನು ಹತ್ತಿದವರಿಗೆ ಮಾತ್ರ ಬಾಗಿಲು. ತಪ್ಪೇನಿಲ್ಲ, ಕಂಪನಿಗಳೂ ಬದುಕಬೇಕು ಅಲ್ವಾ. ನನ್ನ ತಕರಾರು ಮೆಟ್ಟಿಲ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿರುವವರದು.

ಅಲ್ಲಿ ನಿಂತವರಲ್ಲಿ ನಮಗೆ ಗೊತ್ತಿರುವ ಹುಡುಗನೊಬ್ಬ ಇದ್ದಾನೆ. ಸಾಂಗಲಿ ಜಿಲ್ಲೆಯ ಜತ್ತದ ಕಡೆಯವನು. ಅಪ್ಪನಿಗೆ ದಾಳಿಂಬೆ ತೋಟ. ಮಳೆ ಬಂದ ವರ್ಷ ತೋಟ, ಬಾರದ ವರ್ಷ ಬರೀ ಬೇಲಿ. ಮಗ ಮುಂಬೈಯಲ್ಲಿ ಬಿಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದಾನೆ. ಪದವಿ ಹುಡುಗರಿಗೆ ಬೇಸಿಗೆಯಲ್ಲಿ ಜೀವವೈದ್ಯಕೀಯ ಸಂಶೋಧನೆ ಕಲಿಸುವ ಒಂದು ಯೋಜನೆಗೆ ಆಯ್ಕೆಯಾದ. ಯಾವ ಯೋಜನೆ, ಯಾವ ಕಾಲೇಜು ಅನ್ನುವುದು ಬೇಡ. ಹುಡುಗನ ದುಡ್ಡು ಇನ್ನೂ ಅವರ ಹತ್ತಿರವೇ ಇದೆ.

ಉದ್ಘಾಟನೆ ಮಾತ್ರ ಜೋರಾಗಿ ನಡೆಯಿತು. ಮುಖ್ಯ ಅತಿಥಿಗೆ ಶಾಲು-ಶ್ರೀಫಲ, ಉಪಮುಖ್ಯ ಅತಿಥಿಗೆ ಶಾಲು-ಶ್ರೀಫಲ, ದೀಪ ಹಚ್ಚಲು ಮೋಂಬತ್ತಿ ಹಿಡಿದು ನಿಂತಿದ್ದ ಪ್ರೊಫೆಸರಿಗೂ ಒಂದು ಗುಲಾಬಿ. ಹಿಂದಿನ ಬ್ಯಾನರಿನಲ್ಲಿ ಸೂಕ್ಷ್ಮದರ್ಶಕದ ಚಿತ್ರ. 'ನಾಳಿನ ವಿಜ್ಞಾನಿಗಳು ಇಲ್ಲೇ ಕುಳಿತಿದ್ದಾರೆ' ಅಂತ ಭಾಷಣ. ನಾಳಿನ ವಿಜ್ಞಾನಿಗಳು ಹಿಂದಿನ ಸಾಲಿನಲ್ಲಿ ಕುಳಿತಿದ್ದರು, ಮುಂದಿನ ಸಾಲುಗಳು ಗಣ್ಯರಿಗೆ. ಶಾಲಿನ ಬಿಲ್ಲು ಅದೇ ವಾರ ಪಾಸಾಯಿತು ಅಂತ ಹುಡುಗನಿಗೆ ಆಫೀಸಿನ ಪ್ಯೂನ್ ಹೇಳಿದನಂತೆ. ನಂಬಿದೆ. ಶಾಲಿಗೆ ಪ್ರಗತಿ ವರದಿ ಬೇಕಾಗಿಲ್ಲವಲ್ಲ.

ಬೇಸಿಗೆಯಲ್ಲಿ ಹಾಸ್ಟೆಲ್ ಖಾಲಿ ಮಾಡಿಸುತ್ತಾರೆ. ಹಾಗಾಗಿ ಹುಡುಗ ನಮ್ಮ ಕಡೆಯ ಒಬ್ಬರ ಹಾಲಿನಲ್ಲಿ ಚಾಪೆ ಹಾಸಿಕೊಂಡ. ಬೆಳಿಗ್ಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ದಾದರ್. ಡೊಂಬಿವಲಿಯಲ್ಲಿ ಬೆಳಿಗ್ಗೆ ಲೋಕಲ್ ಹತ್ತಿದವನಿಗೆ ಇನ್ನೊಂದು ಅರ್ಹತಾ ಪರೀಕ್ಷೆ ಯಾಕೆ ಬೇಕೋ ತಿಳಿಯದು. ಭಾನುವಾರ ನಮ್ಮಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅಂದರೆ ಬರುತ್ತಿದ್ದ.

'ಏನಪಾ, ಏನು ಸಂಶೋಧನೆ ಮಾಡಿದಿ?' ಅಂತ ಕೇಳಿದೆ.

'ಟಿಪ್ ತುಂಬೀನ್ರೀ ಕಾಕಾ.'

ಟಿಪ್ ಅಂದರೆ ಹನಿ ಲೆಕ್ಕದಲ್ಲಿ ದ್ರವ ಎಳೆಯುವ ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಕೊಳವೆ. ಒಮ್ಮೆ ಬಳಸಿ ಎಸೆಯಲು ಮಾಡಿದ್ದು. ನಮ್ಮಲ್ಲಿ ಎಸೆಯುವುದು ಪಾಪ. ಬಳಸಿದ್ದನ್ನು ಸೋಪಿನ ನೀರಿನಲ್ಲಿ ನೆನೆಸಿ, ತೊಳೆದು, ಒಣಗಿಸಿ, ಒಂದೊಂದಾಗಿ ಡಬ್ಬಿಯ ತೂತುಗಳಲ್ಲಿ ಕೂರಿಸಬೇಕು. ಒಂದು ಡಬ್ಬಿಗೆ 96. ಮೇಲೆ ಟೇಪು ಅಂಟಿಸಿ, ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ ಒಳಗಿಡಬೇಕು, ಹೊರಗೆ ಬಂದಾಗ ಟೇಪಿನ ಬಿಳಿ ಗೆರೆಗಳು ಕಪ್ಪಾಗಿದ್ದರೆ ಶಾಖ ತಗುಲಿದೆ ಅಂತ ಲೆಕ್ಕ. ಮೊದಲ ಎರಡು ವಾರ ಹುಡುಗ ಇದನ್ನೇ ಮಾಡಿದ. ಹೊಸ ಟಿಪ್ ತರಿಸಲು ಗ್ರಾಂಟ್ ಬರಬೇಕಿತ್ತು. ಅವನ ಬೆರಳ ತುದಿ ನೋಡಿದೆ, ಸೋಪಿಗೆ ಸುಕ್ಕುಗಟ್ಟಿತ್ತು. ಆದರೂ ಖುಷಿಯಾಗಿದ್ದ ಕಣ್ರೀ. ಮೂರನೇ ವಾರ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆದದ್ದನ್ನು ಮೊಬೈಲಿನಲ್ಲಿ ತೋರಿಸಿದ. ನನಗೆ ಉದುರಿದ ಸಾಬುದಾಣಿಯಂತೆ ಕಂಡಿತು. ಅವನಿಗೆ ಅದು ಕೂಸು ಹುಟ್ಟಿದ ಸಂಭ್ರಮ.

ಆಮೇಲೆ ರಸೀದಿಯ ಪ್ರಸಂಗ. ಸ್ಟೈಪೆಂಡ್ ಬರಬೇಕಾದರೆ ಮೊದಲು 'ಮುಂಗಡ ರಸೀದಿ' ಕೊಡಬೇಕು. ಅಂದರೆ ದುಡ್ಡು ಕೈಸೇರುವ ಮೊದಲೇ 'ದುಡ್ಡು ನನಗೆ ಸೇರಿದೆ' ಅಂತ ಬರೆದು, 5,000 ಮೀರಿದ್ದಕ್ಕೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಅಡ್ಡಲಾಗಿ ಸಹಿ ಹಾಕಬೇಕು. ಸರ್ಕಾರಿ ಕಚೇರಿಗೆ ಬಿಲ್ಲು ಕೊಟ್ಟವರಿಗೆಲ್ಲ ಇದು ಗೊತ್ತು. ಹುಡುಗನಿಗೆ ಗೊತ್ತಿರಲಿಲ್ಲ. 'ಬಂದಿಲ್ಲದ ರೊಕ್ಕ ಬಂದೈತಿ ಅಂತ ಹೆಂಗ ಬರೀಲ್ರೀ?' ಅಂತ ಕೇಳಿದ್ದಾನೆ. ಇಡೀ ಅಕೌಂಟ್ಸ್ ವಿಭಾಗ ಪೆನ್ನು ಕೆಳಗಿಟ್ಟು ನೋಡಿತಂತೆ. ಸಂಶೋಧನೆಗೆ ಪ್ರಶ್ನೆ ಕೇಳುವ ಮನಸ್ಸು ಬೇಕು ಅಂತ ಉದ್ಘಾಟನೆಯಲ್ಲಿ ಹೇಳಿದ್ದರು. ಅಕೌಂಟ್ಸಿನಲ್ಲಿ ಕೇಳಿ ಅಂತ ಯಾರೂ ಹೇಳಿರಲಿಲ್ಲ.

ಈಗ ಸ್ವಲ್ಪ ಪ್ಲೇಗಿಗೆ ಲಸಿಕೆ ಮಾಡಿದ ಹಾಫ್ಕಿನ್ ಸಾಹೇಬರ ಕಡೆ ಹೋಗೋಣ. ಪರೇಲಿನಲ್ಲಿ ಅವರ ಹೆಸರಿನ ಸಂಸ್ಥೆ ಇದೆ, ಹಳೆಯ ಗವರ್ನರ್ ಬಂಗಲೆಯಲ್ಲಿ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂದಾಗ ವಾಲ್ಡೆಮಾರ್ ಹಾಫ್ಕಿನ್ ಇಲ್ಲಿಗೆ ಬಂದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದಿಷ್ಟು ಜಾಗ, ಒಬ್ಬ ಗುಮಾಸ್ತ, ಮೂವರು ಪ್ಯೂನ್‌ಗಳು ಸಿಕ್ಕರು. ಮಾಂಸದ ಸಾರಿನಲ್ಲಿ ಪ್ಲೇಗಿನ ಕ್ರಿಮಿ ಬೆಳೆಸಿದರು. ಹಿಂದೂ ಮುಸ್ಲಿಮರಿಬ್ಬರೂ ಬೇಡ ಅನ್ನಬಾರದು ಅಂತ ಸಾರಿಗೆ ಆಡಿನ ಮಾಂಸ ಹಾಕುವುದು ರೂಢಿಯಾಯಿತು. ಸಾರಿನ ಮೇಲೆ ತುಪ್ಪ ತೇಲಿಬಿಟ್ಟರು. ಆ ತುಪ್ಪದ ಹನಿಗಳಿಗೆ ಜೋತುಬಿದ್ದು ಕ್ರಿಮಿಗಳು ಕೆಳಮುಖವಾಗಿ ಎಳೆ ಎಳೆಯಾಗಿ ಬೆಳೆದವು. 1897ರ ಜನವರಿ 10ಕ್ಕೆ ಲಸಿಕೆಯನ್ನು ತಮಗೇ ಚುಚ್ಚಿಸಿಕೊಂಡರು. ಬಂದು ನಾಲ್ಕು ತಿಂಗಳೂ ತುಂಬಿರಲಿಲ್ಲ.

ತುಪ್ಪ ಅಂದೆನಲ್ಲ, ಅಲ್ಲೇ ನಿಲ್ಲಿ. ಇವತ್ತು ಹಾಫ್ಕಿನ್ ತುಪ್ಪ ತರಿಸಬೇಕಾದರೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿಗೆ ಹೋಗಬೇಕಿತ್ತು. ಅಲ್ಲಿ ಹಸುವಿನದೋ ಎಮ್ಮೆಯದೋ ಅಂತ ಸ್ಪೆಸಿಫಿಕೇಶನ್. ಕಡಿಮೆ ದರ ಹಾಕಿದವನಿಗೆ ಆರ್ಡರ್. ಅವನು ಕಳಿಸುವುದು ಡಾಲ್ಡಾ. ವಾಪಸ್ ಕಳಿಸಲು ಸಮಿತಿ, ಸಮಿತಿಗೆ ಕೋರಂ. ಅಷ್ಟರಲ್ಲಿ ಪ್ಲೇಗು ಪುಣೆ ಮುಟ್ಟಿ ಧಾರವಾಡದ ದಾರಿ ಹಿಡಿದಿರುತ್ತಿತ್ತು. ನ್ಯಾಯವಾಗಿ ಹೇಳಬೇಕಾದರೆ 2025ರ ಜೂನಿನಲ್ಲಿ ವಿಜ್ಞಾನ ಸಂಸ್ಥೆಗಳಿಗೆ ಈ ಪೋರ್ಟಲಿನ ಕಟ್ಟು ಸಡಿಲಿಸಿದ್ದಾರೆ. ವಿಜ್ಞಾನಿಗಳು ವರ್ಷಗಟ್ಟಲೆ ಗೋಗರೆದ ಮೇಲೆ. ಇನ್ನು ಎಥಿಕ್ಸ್ ಕಮಿಟಿ ಬಗ್ಗೆ ನಾನು ತಮಾಷೆ ಮಾಡುವುದಿಲ್ಲ. ಹಾಫ್ಕಿನ್ ತಮ್ಮ ಮೇಲೆ ಪ್ರಯೋಗ ಮಾಡಿಕೊಂಡ ಮೇಲೆ ಹೋದದ್ದು ಭಾಯಖಳಾ ಜೈಲಿನ ಕೈದಿಗಳ ಹತ್ತಿರ. ಅಂಥದ್ದಕ್ಕೆ ಕಮಿಟಿ ಬೇಕೇ ಬೇಕು.

ಆ ಕಾಲದ ಸರ್ಕಾರವನ್ನು ಹೊಗಳುವುದೂ ಬೇಡ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್ಕಿನ್ ತಲೆಗೆ ಕಟ್ಟಿದರು. ಅವರದಲ್ಲ ಅಂತ ಒಪ್ಪಲು 1907 ಬಂತು. ಕಡತ ಅಂದೂ ನಿಧಾನ, ಇಂದೂ ನಿಧಾನ. ಇದೊಂದು ಪರಂಪರೆಯನ್ನು ನಾವು ಯಾರ ಅನುದಾನವೂ ಇಲ್ಲದೆ ಉಳಿಸಿಕೊಂಡಿದ್ದೇವೆ.

ಬೇಗ ಆದದ್ದೂ ಒಂದಿದೆ. 2024ರ ಜುಲೈ ಬಜೆಟ್ಟಿನಲ್ಲಿ ಲ್ಯಾಬ್ ಕೆಮಿಕಲ್‌ಗಳ ಆಮದು ಸುಂಕ 10 ಶೇಕಡದಿಂದ ಸೀದಾ 150ಕ್ಕೆ ಹಾರಿತು. ಲ್ಯಾಬಿನ ಹೆಸರು ಹೇಳಿಕೊಂಡು ಆಲ್ಕೋಹಾಲ್ ತರಿಸುತ್ತಾರೆ ಅನ್ನುವ ಗುಮಾನಿಗೆ ಕೊಟ್ಟ ಮದ್ದು ಅದು. ಬಾಟಲಿ ಯಾರೋ ತರಿಸಿದರು, ಅಮಲು ಇಳಿಸಿದ್ದು ಪಿಎಚ್‌ಡಿ ಹುಡುಗರಿಗೆ. ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಮತ್ತೆ 10 ಆಯಿತು. ಈಗ 'ಇದನ್ನು ಲ್ಯಾಬಿಗೇ ಬಳಸುತ್ತೇವೆ' ಅಂತ ಬರೆದುಕೊಡಬೇಕು. ಬರೆದುಕೊಡುವುದರಲ್ಲಿ ನಮ್ಮ ವಿಜ್ಞಾನಿಗಳು ಜಗತ್ತಿನಲ್ಲೇ ಮುಂದು.

ಸರ್ಕಾರದ ಯೋಜನೆಗಳು ಕಾಗದದ ಮೇಲೆ ಕೆಟ್ಟವಲ್ಲ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಎಸ್‌ಟಿಎಸ್ ಅನ್ನುವ ಯೋಜನೆ ಇದೆ, 1979ರಿಂದ. ಎರಡು ತಿಂಗಳ ಕೆಲಸಕ್ಕೆ ಮೊದಲು 20,000 ರೂಪಾಯಿ ಇತ್ತು, ಆಮೇಲೆ 50,000 ಮಾಡಿದರು. ಒಳ್ಳೆಯದೇ. ಆದರೆ ನಿಯಮದ ಪ್ರಕಾರ ಆ ದುಡ್ಡು ಸಿಗುವುದು ಕೆಲಸ ಮುಗಿದು, ವರದಿ ಕಳಿಸಿ, ವರದಿ ಒಪ್ಪಿಗೆಯಾದ ಮೇಲೆ. ಬಿಎಸ್ಸಿಯವರಿಗೆ ಇನ್‌ಸ್ಪೈರ್ ಅನ್ನುವ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80,000, ಅದರಲ್ಲಿ 20,000 ಬೇಸಿಗೆ ಸಂಶೋಧನೆಯ ಪಾಲು. ಕೆವಿಪಿವೈ ಅಂತ ಇನ್ನೊಂದಿತ್ತು, 1999ರಲ್ಲಿ ಶುರುವಾದದ್ದು, ನಮ್ಮ ಬೆಂಗಳೂರಿನ ಐಐಎಸ್‌ಸಿ ನಡೆಸುತ್ತಿತ್ತು. 2022ರಲ್ಲಿ ಅದನ್ನು ಇನ್‌ಸ್ಪೈರ್ ಒಳಗೆ ಸೇರಿಸಿದರು. ನಮ್ಮಲ್ಲಿ ಯಾವ ಯೋಜನೆಯೂ ಸಾಯುವುದಿಲ್ಲ, ವಿಲೀನವಾಗುತ್ತದೆ. ಅಮೆರಿಕದವರಿಗೆ ಈ ಸಂಸ್ಕಾರ ಇಲ್ಲ. 2025ರಲ್ಲಿ ಅಲ್ಲಿನ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಬಡ ಮತ್ತು ಹಿಂದುಳಿದ ಹಿನ್ನೆಲೆಯ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ತರುತ್ತಿದ್ದ ಮಾರ್ಕ್ ಎಂಬ ದಶಕಗಳ ಕಾರ್ಯಕ್ರಮವನ್ನು ನೇರವಾಗಿ ಮುಚ್ಚಿಯೇಬಿಟ್ಟಿತು. ನಮ್ಮವರು ಅಷ್ಟು ಕಟುಕರಲ್ಲ. ಬಾಗಿಲು ತೆರೆದೇ ಇಡುತ್ತಾರೆ, ಒಳಗೆ ಕಾಯಿಸುತ್ತಾರೆ.

ಒಂದು ಲೆಕ್ಕ ಹಾಕಿದೆ. ಆ ಒಂದು ಲಕ್ಷ ಕೋಟಿಯನ್ನು ತಲೆಗೆ 50,000ದಂತೆ ಹಂಚಿದರೆ 2 ಕೋಟಿ ಹುಡುಗ ಹುಡುಗಿಯರಿಗೆ ಆಗುತ್ತದೆ. ಅಷ್ಟು ಜನ ವಿಜ್ಞಾನ ವಿದ್ಯಾರ್ಥಿಗಳನ್ನು ಎಲ್ಲಿಂದ ಹುಡುಕಿ ತರುವುದು? ಹಂಚಿ ಅಂತ ನಾನು ಹೇಳುತ್ತಿಲ್ಲ. ದೇಶ ತನ್ನ ಜಿಡಿಪಿಯಲ್ಲಿ ಸಂಶೋಧನೆಗೆ ಹಾಕುವುದೇ ಶೇಕಡ 0.64. ಅದರೊಳಗೆ ಈ ಹುಡುಗರ ಪಾಲನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಅಷ್ಟು ಚಿಕ್ಕ ದುಡ್ಡು. ಆ ಚಿಕ್ಕ ದುಡ್ಡಿನ ಹಿಂದೆ ಮುಂಗಡ ರಸೀದಿ, ಹಾಜರಿ ಪತ್ರ, ಗೈಡ್ ಸಹಿ, ಪ್ರಿನ್ಸಿಪಾಲ್ ಸಹಿ, ದುಡ್ಡು ಖರ್ಚಾದ ಲೆಕ್ಕ ಒಪ್ಪಿಸುವ ಜಿಎಫ್‌ಆರ್ 12-ಎ ಅನ್ನುವ ವಿನಿಯೋಗ ಪತ್ರ. ಹಿಂದಿನ ವರ್ಷದ ವಿನಿಯೋಗ ಪತ್ರ ಹೋಗದಿದ್ದರೆ ಈ ವರ್ಷದ ಕಂತು ಬರುವುದಿಲ್ಲ. ಹಿಂದಿನ ವರ್ಷದ ಕಂತು ಬಂದದ್ದು ಮಾರ್ಚ್ ಕೊನೆಗೆ. ಮಾರ್ಚ್ 31ರೊಳಗೆ ಖರ್ಚಾಗದ್ದು ವಾಪಸ್. ಖರ್ಚಾಗಲಿಲ್ಲ ಅಂದರೆ 'ನಿಮಗೆ ದುಡ್ಡಿನ ಅಗತ್ಯ ಕಾಣುವುದಿಲ್ಲ' ಅಂತ ಷರಾ.

ಇದರಲ್ಲಿ ನಗುವಂಥದ್ದು ನನಗೆ ಇನ್ನು ಸಿಗುತ್ತಿಲ್ಲ. ಮುಂಬೈಯಲ್ಲಿ ಎರಡು ತಿಂಗಳು ಇರಬೇಕಾದರೆ ಪೇಯಿಂಗ್ ಗೆಸ್ಟಿನವನು ಮೊದಲು ಡಿಪಾಸಿಟ್ ಕೇಳುತ್ತಾನೆ. ಮೆಸ್ಸಿನವನು ತಿಂಗಳ ದುಡ್ಡು ಮೊದಲೇ ಕೇಳುತ್ತಾನೆ. ರೈಲ್ವೆ ಪಾಸು ಸಾಲಕ್ಕೆ ಸಿಗುವುದಿಲ್ಲ. ಇವರೆಲ್ಲರಿಗೂ 'ವರದಿ ಒಪ್ಪಿಗೆಯಾದ ಮೇಲೆ ಕೊಡುತ್ತೇನೆ' ಅಂತ ಹೇಳಿ ನೋಡಿ. ಎರಡು ತಿಂಗಳ ಖರ್ಚನ್ನು ಕೈಯಿಂದ ಹಾಕಿಕೊಳ್ಳುವ ಅಪ್ಪ ಇದ್ದವನು ಸಂಶೋಧನೆ ಮಾಡುತ್ತಾನೆ. ಇಲ್ಲದವನು ಅರ್ಜಿಯನ್ನೇ ಹಾಕುವುದಿಲ್ಲ. ಹಾಕದ ಅರ್ಜಿಯ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ. ಆಮೇಲೆ ಇದೇ ಜನ ವೇದಿಕೆ ಹತ್ತಿ ಹಳ್ಳಿಯ ಪ್ರತಿಭೆ ಎಲ್ಲಿ ಹೋಯಿತು ಅಂತ ಕೇಳುತ್ತಾರೆ. ಜತ್ತಕ್ಕೆ ಹೋಯಿತು ಸ್ವಾಮಿ, ದಾಳಿಂಬೆಗೆ ಔಷಧಿ ಹೊಡೆಯಲು. ಮೊದಲ ದಿನವೇ ಅರ್ಧ ದುಡ್ಡು ಕೊಡುವುದಕ್ಕೆ ಏನು ಕಷ್ಟ? ಹುಡುಗ ಓಡಿಹೋದರೆ ಎಷ್ಟು ಮುಳುಗುತ್ತದೆ? ಸಾಲ ಮುಳುಗಿಸಿದ ಕಂಪನಿಗಳನ್ನು ಬ್ಯಾಂಕುಗಳು ಎಷ್ಟು ಪ್ರೀತಿಯಿಂದ ರೈಟ್ ಆಫ್ ಮಾಡುತ್ತವೆ ಅಂತ ನಾವು ನೋಡಿಲ್ಲವೇ?

ಮಾರುಕಟ್ಟೆಗೆ ಮಾತ್ರ ಇದೆಲ್ಲ ಚೆನ್ನಾಗಿ ಅರ್ಥವಾಗಿದೆ. ಠಾಣೆ, ಪುಣೆ ಎಲ್ಲ ಕಡೆ ಈಗ 'ಸಂಶೋಧನಾ ಇಂಟರ್ನ್‌ಶಿಪ್' ಮಾರುವ ಅಂಗಡಿಗಳಿವೆ. ಅಲ್ಲಿ ಸ್ಟೈಪೆಂಡಿನ ಗೊಂದಲವೇ ಇಲ್ಲ, ದುಡ್ಡು ಕೊಡಬೇಕಾದವರು ನೀವೇ. ಡಿಎನ್‌ಎ ತೆಗೆಯುವುದು ಕಲಿಯಲು ಒಂದು ದರ, ಪಿಸಿಆರ್ ಸೇರಿದರೆ ಇನ್ನೊಂದು ದರ. ಹೊಳೆಯುವ ಕಾಗದದ ಸರ್ಟಿಫಿಕೇಟು ಎರಡಕ್ಕೂ ಉಚಿತ.

ಹುಡುಗನ ವರದಿ ಮೂರು ಸಲ ವಾಪಸ್ ಬಂತು. ಒಮ್ಮೆ ಅಕ್ಷರದ ಅಳತೆ ತಪ್ಪು, ಒಮ್ಮೆ ಗೈಡ್ ಸಹಿ ಕಪ್ಪು ಶಾಯಿಯಲ್ಲಿ, ಇನ್ನೊಮ್ಮೆ ಕಾರಣವೇ ಇಲ್ಲ. ಒಳಗಿನ ಬ್ಯಾಕ್ಟೀರಿಯಾ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. 'ಯಾರರೆ ಓದ್ಯಾರೇನ್ರೀ ಕಾಕಾ?' ಅಂದ. ಈಗ ಅವನು ಪುಣೆಯ ಸದಾಶಿವ ಪೇಠದಲ್ಲಿ ಮಹಾರಾಷ್ಟ್ರ ಸರ್ಕಾರಿ ನೌಕರಿಯ ಎಂಪಿಎಸ್‌ಸಿ ಪರೀಕ್ಷೆಯ ಕೋಚಿಂಗಿಗೆ ಹೆಸರು ಹಚ್ಚಿದ್ದಾನೆ. ಡಿಗ್ರಿ ಮುಗಿದ ಕೂಡಲೇ ಹೊರಡುತ್ತಾನೆ. ಅಪ್ಪ ಫೀಸು ಕಟ್ಟಿ ಬಂದರು, ರಸೀದಿ ದುಡ್ಡು ಎಣಿಸಿಕೊಂಡ ಮೇಲೆಯೇ ಕೊಟ್ಟರಂತೆ. ಪಾಸಾದರೆ ಅವನೂ ಸಾಹೇಬ. ಮೇಜಿನ ಮೇಲೆ ಯಾರದೋ ವಿನಿಯೋಗ ಪತ್ರ ಇರುತ್ತದೆ, ಕೈಯಲ್ಲಿ ಹಸಿರು ಶಾಯಿಯ ಪೆನ್ನು.