ಎರಡನೇ ಪಂಪ್ ಕೊಡಲಿಲ್ಲ

2020ರ ಮಾರ್ಚ್ ಕೊನೆ. ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಲಾಕ್‌ಡೌನ್ ಶುರುವಾಗಿ ಎರಡೇ ದಿನ ಆಗಿತ್ತು. ಕ್ಲಿನಿಕ್‌ಗೆ ಫೋನ್ ಮಾಡಿ, ನನ್ನ ನೀಲಿ ಇನ್ಹೇಲರ್, ಅಂದರೆ ದಮ್ಮಿಗೆ ಬಾಯಲ್ಲಿ ಎಳೆದುಕೊಳ್ಳುವ ಪಂಪ್, ಮೂರು ಬೇಕು ಅಂದೆ. ಒಂದೇ ಕೊಡೋದು ಅಂದರು. ಚಿಕ್ಕಂದಿನಿಂದ ದಮ್ಮು ಇರುವವನು ನಾನು. ಊರಿಗೆಲ್ಲ ಉಸಿರಾಟದ ಕಾಯಿಲೆ ಬಂದಿರುವಾಗ ಹೀಗಾ ಹೇಳೋದು? ತುಂಬಾ ನೋವಾಯಿತು.

ಆದರೆ ನರ್ಸ್ ಫೋನ್ ಇಡಲಿಲ್ಲ. ವಾರಕ್ಕೆ ಎಷ್ಟು ಸಲ ಎಳೆದುಕೊಳ್ಳುತ್ತೀರಿ? ರಾತ್ರಿ ಎಚ್ಚರ ಆಗುತ್ತಾ? ಕಂದು ಬಣ್ಣದ ಪಂಪ್ ದಿನಾ ತಗೊಳ್ತೀರಾ? ಕೊನೇ ಪ್ರಶ್ನೆಗೆ ನಾನು ಸುಮ್ಮನಾದೆ. ಚೆನ್ನಾಗಿದ್ದೀನಲ್ಲ ಅಂತ ಅದನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ನೀಲಿಯದು ಆ ಹೊತ್ತಿನ ಬಿಗಿತ ಬಿಡಿಸುತ್ತೆ ಅಷ್ಟೇ. ಒಳಗಿನ ಊತ ಇಳಿಸೋದು ಕಂದು, ಅದೂ ದಿನಾ ತಗೊಂಡರೆ. ಒಂದು ನೀಲಿ ಪಂಪ್‌ನಲ್ಲಿ 200 ಪಫ್ ಇರುತ್ತೆ. ವರ್ಷಕ್ಕೆ ಮೂರು ಖಾಲಿ ಮಾಡುವವರಿಗೆ ಉಬ್ಬಸ ಕೆರಳುವ ಅಪಾಯ ಜಾಸ್ತಿ. ನಾನು ಒಂದೇ ಸಲಕ್ಕೆ ಮೂರು ಕೇಳಿದ್ದೆ.

ಅದೇ ಸಂಜೆ ತೀರ್ಥಹಳ್ಳಿಯಿಂದ ತಮ್ಮನ ಫೋನ್. "ಅಣ್ಣಾ, ಅಪ್ಪಯ್ಯಂಗೆ ಆರು ಪಂಪ್ ತಂದಿಟ್ಟಿದೀನಿ, ಹೆದರಬೇಡ." ಅಂಗಡಿಯಲ್ಲಿ ಚೀಟಿ ಕೇಳಲಿಲ್ಲವಂತೆ. ಆರೂ ತಕ್ಷಣಕ್ಕೆ ಎಳೆದುಕೊಳ್ಳುವವೇ. ದಿನಾ ತಗೊಳ್ಳುವುದು ಒಂದೂ ಇಲ್ಲ. ಅದು ಸ್ಟೀರಾಯ್ಡ್, ಅಭ್ಯಾಸ ಆಗಿಬಿಡುತ್ತೆ ಅಂತ ಅಪ್ಪಯ್ಯನಿಗೆ ಭಯ. ಆಷಾಢದ ಮಳೆಗೆ ಗೋಡೆಯೆಲ್ಲ ಬೂಷ್ಟು ಹಿಡಿಯುತ್ತೆ, ಆಮೇಲೆ ಅಡಿಕೆ ಬೇಯಿಸುವ ಹೊಗೆ. ಅಂಥ ಮನೆಯಲ್ಲಿ ಬೇಕಾದದ್ದೇ ಆ ದಿನದ ಪಂಪ್. ಬೇಡ ಅನ್ನೋದೂ ಅದನ್ನೇ!

ಅದೇ ವಾರ ಊರಲ್ಲಿ ಪಕ್ಕದ ಮನೆ ಚಿಕ್ಕಮ್ಮ ಪಂಪ್‌ಗಾಗಿ ಮೂರು ಅಂಗಡಿ ಸುತ್ತಿ ಬರಿಗೈಲಿ ಬಂದರು. ನಮ್ಮ ನಾಗಂದಿಗೆ ಮೇಲೆ ಆರು ಕೂತಿದ್ದವು. ಕೇಳಿದ್ದನ್ನೆಲ್ಲ ಕೊಡುವುದನ್ನು ನಾವು ಒಳ್ಳೆಯತನ ಅಂದುಕೊಂಡಿದ್ದೇವೆ. ನನಗೆ ಈಗ ಹಾಗನಿಸಲ್ಲ. ಬೇಡ ಅಂದ ಆ ನರ್ಸ್ ನನ್ನ ಎದೆಯ ಬಗ್ಗೆ ಹತ್ತು ನಿಮಿಷ ಯೋಚಿಸಿದರು. ಊರಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಪಂಪ್ ಎಳೆದು ತೋರಿಸಿ ಅಂದಿದ್ದಿಲ್ಲ.

ಒಂದು ಮಾತು ಹೇಳಲೇಬೇಕು. ಇಲ್ಲಿ ಆ ಒಂದು ಪಂಪ್ ಕೈಗೆ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ರಾತ್ರಿ ನಾನು ದಿಂಬಿಗೆ ಒರಗಿ ಕೂತೇ ಇದ್ದೆ. ಊರಿನ ಅದೇ ಅಂಗಡಿಯವರು ಹಿಂದೊಮ್ಮೆ ಸುರಿಯುವ ಮಳೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಬೈಕಲ್ಲಿ ಬಂದು ಅಪ್ಪಯ್ಯನಿಗೆ ಪಂಪ್ ಕೊಟ್ಟು ಹೋಗಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲ್ಲ. ಒಂದು ಮಾತು ಕೇಳಿ ಕೊಟ್ಟಿದ್ದರೆ ಚಿಕ್ಕಮ್ಮನಿಗೂ ಒಂದು ಉಳಿಯುತ್ತಿತ್ತು ಅಲ್ವಾ?