ಹಡಗಿನ ಸರ್ಟಿಫಿಕೇಟ್ ಇದ್ದವನಿಗೂ ಹ್ಯಾಮ್ ಪರೀಕ್ಷೆನಾ?

"ಇಷ್ಟು ವರ್ಷ ಹಡಗಲ್ಲಿ ರೇಡಿಯೊ ಹಿಡ್ಕೊಂಡು ನಿಂತೋನಿಗೆ ಮತ್ತೆ ಪರೀಕ್ಷೆನಾ? ಇರೋ ಸರ್ಟಿಫಿಕೇಟ್ ತೋರಿಸಿದ್ರೆ ಸಾಲ್ದೇನೋ?"

ಹ್ಯಾಮ್ ಲೈಸೆನ್ಸಿಗೆ, ಅಂದ್ರೆ ಹವ್ಯಾಸಕ್ಕೆ ರೇಡಿಯೊ ನಡೆಸೋ ಲೈಸೆನ್ಸಿಗೆ, ಓದ್ತಾ ಇದೀನಿ ಅಂದಾಗ ಗೆಳೆಯ ಕೇಳಿದ್ದು. ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ಸಲ್ಲೂ ಅದೇ ಇತ್ತು. ಜಿಎಂಡಿಎಸ್‌ಎಸ್ (ಹಡಗುಗಳ ಅಪಾಯ-ಸುರಕ್ಷತಾ ರೇಡಿಯೊ ವ್ಯವಸ್ಥೆ) ಜನರಲ್ ಆಪರೇಟರ್ ಸರ್ಟಿಫಿಕೇಟ್ ಕೈಯಲ್ಲಿದೆ. ಬ್ರಿಜ್ಜಿನಲ್ಲಿ (ಹಡಗು ನಡೆಸುವ ಕೋಣೆಯಲ್ಲಿ) ಅಪಾಯದ ಕರೆಗಳ ಚಾನೆಲ್ 16ಕ್ಕೆ ಕಿವಿಗೊಟ್ಟು ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಹವ್ಯಾಸಿಗಳ ಪರೀಕ್ಷೆ ಯಾವ ಮಹಾ!

ಪುಸ್ತಕ ತೆರೆಯದೆಯೇ ಒಂದು ಅಭ್ಯಾಸ ಪರೀಕ್ಷೆ ಬರೆದೆ. ಫೇಲಾದೆ. ಕೂದಲೆಳೆಯಲ್ಲಿ ಅಲ್ಲ, ಚೆನ್ನಾಗಿಯೇ ಫೇಲಾದೆ.

ತಪ್ಪಿದ ಪ್ರಶ್ನೆಗಳನ್ನು ಹರವಿಕೊಂಡು ಕೂತಾಗ ಕಂಡದ್ದೇನೆಂದರೆ, ಅವು ಯಾವುವೂ ರೇಡಿಯೊದಲ್ಲಿ ಮಾತಾಡುವುದರ ಬಗ್ಗೆ ಇರಲಿಲ್ಲ. ಸೆಟ್ಟು ತನ್ನ ಆವರ್ತನದ ಮಡಿಗಳಲ್ಲಿ ಬೇಡದೆ ಉಗುಳುವ ಹಾರ್ಮೋನಿಕ್‌ಗಳಲ್ಲಿ ಎರಡನೆಯದು ಎಲ್ಲಿ ಬೀಳುತ್ತದೆ, ಅವನ್ನು ತಡೆಯುವ ಲೋ ಪಾಸ್ ಫಿಲ್ಟರ್ ಎಲ್ಲಿ ಕೂರಬೇಕು, ಹಗಲು ಹೊತ್ತು ಆಕಾಶದ ಡಿ ಪದರ ಯಾವ ತರಂಗಗಳನ್ನು ನುಂಗುತ್ತದೆ, ಹೀಗೆ. ಹಗಲು ದೂರಕ್ಕೆ ಮೇಲಿನ ಬ್ಯಾಂಡ್, ರಾತ್ರಿ ಕೆಳಗಿನ ಬ್ಯಾಂಡ್ ಅನ್ನೋದು ನನಗೆ ರೂಢಿಯಿಂದ ಗೊತ್ತು. ಯಾಕೆ ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಹಡಗಿನ ಸೆಟ್ಟು ಕಾರ್ಖಾನೆಯಲ್ಲೇ ಪರೀಕ್ಷೆಯಾಗಿ, ಮಂಜೂರಾತಿ ಪಡೆದು ಬರುತ್ತದೆ. ಚಾನೆಲ್ಲುಗಳು ಅದರೊಳಗೇ ಇರುತ್ತವೆ. 16 ಒತ್ತಿದರೆ 156.8 ಮೆಗಾಹರ್ಟ್ಸ್, ಅಷ್ಟೇ. ಅದರ ಮುಚ್ಚಳ ಬಿಚ್ಚುವುದು ನನ್ನ ಕೆಲಸ ಅಲ್ಲ, ಬಿಚ್ಚಲೂ ಕೂಡದು. ಹ್ಯಾಮ್ ಆದರೆ ಟ್ರಾನ್ಸ್‌ಮಿಟರನ್ನು ತಾನೇ ಬೆಸುಗೆ ಹಾಕಿ ಕಟ್ಟಬಹುದು. ಅವನು ಕಟ್ಟಿದ 7 ಮೆಗಾಹರ್ಟ್ಸ್ ಸೆಟ್ಟು 14ರಲ್ಲೂ 21ರಲ್ಲೂ ಕಿರುಚಿಕೊಂಡರೆ ಅದಕ್ಕೆ ಹೊಣೆ ಅವನೇ. ನನ್ನ ಸರ್ಟಿಫಿಕೇಟ್ ಹೇಳುವುದು ಈ ಯಂತ್ರವನ್ನು ನಿಯಮದಂತೆ ಬಳಸಬಲ್ಲೆ ಎಂದು. ಅವನ ಲೈಸೆನ್ಸ್ ಹೇಳುವುದು ಯಂತ್ರವನ್ನೇ ಅವನ ಕೈಗೆ ಬಿಡಬಹುದು ಎಂದು.

ಒಂದು ಉದಾಹರಣೆ. 20 ಮೀಟರ್ ಬ್ಯಾಂಡ್ 14.350 ಮೆಗಾಹರ್ಟ್ಸಿಗೆ ಮುಗಿಯುತ್ತದೆ. ಡಯಲ್ 14.349 ತೋರಿಸುತ್ತಿದೆ, ಗಡಿಯೊಳಗೇ ಇದ್ದೀನಲ್ಲ ಅಂತ ಮಾತಾಡಿದರೆ? ಅಪ್ಪರ್ ಸೈಡ್‌ಬ್ಯಾಂಡಿನಲ್ಲಿ ದನಿ ಡಯಲ್ಲಿನಿಂದ ಮೇಲಕ್ಕೆ ಸುಮಾರು 3 ಕಿಲೋಹರ್ಟ್ಸ್ ಹರಡುತ್ತದೆ. ಕಾಲು ಒಳಗೆ, ತಲೆ ಪಕ್ಕದವರ ಅಂಗಳದಲ್ಲಿ. ಹಡಗಿನಲ್ಲಿ ಈ ಲೆಕ್ಕ ನನ್ನ ತಲೆಗೆ ಬಂದದ್ದೇ ಇಲ್ಲ. ಚಾನೆಲ್ ಪಟ್ಟಿ ಮಾಡಿದವರು ನನ್ನ ಪರವಾಗಿ ಹಾಕಿಟ್ಟಿದ್ದರು.

ಸೈಡ್‌ಬ್ಯಾಂಡ್ ಅಂದಕೂಡಲೇ ಇನ್ನೊಂದು ಅವಮಾನ ನೆನಪಾಯ್ತು. ಲೈಸೆನ್ಸ್ ಬರುವ ಮುಂಚೆ ಬರೀ ಕೇಳೋಣ ಅಂತ 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್ ಆಸುಪಾಸು) ಹಾಕಿದೆ. ಎಲ್ಲರೂ ಬಾತುಕೋಳಿಗಳ ಹಾಗೆ ಮಾತಾಡುತ್ತಿದ್ದರು. ರಿಸೀವರ್ ಕೆಟ್ಟಿದೆ ಅಂತ ಅರ್ಧ ಗಂಟೆ ಗುಂಡಿಗಳನ್ನೆಲ್ಲ ತಿರುವಿದೆ. ಕೆಟ್ಟಿದ್ದು ರಿಸೀವರ್ ಅಲ್ಲ, ನನ್ನ ಅಭ್ಯಾಸ. ಹಡಗಿನ ಎಸ್‌ಎಸ್‌ಬಿಯಲ್ಲಿ (ಒಂದೇ ಸೈಡ್‌ಬ್ಯಾಂಡಿನಲ್ಲಿ ದನಿ ಕಳಿಸುವ ವಿಧಾನ) ಯಾವ ಬ್ಯಾಂಡಾದರೂ ಅಪ್ಪರ್ ಸೈಡ್‌ಬ್ಯಾಂಡೇ. ಹ್ಯಾಮ್‌ಗಳು 40 ಮೀಟರಿನಲ್ಲಿ ವಾಡಿಕೆಯಾಗಿ ಲೋಯರ್, ಅಂದರೆ ಡಯಲ್ಲಿನಿಂದ ಕೆಳಗಿನ ಬದಿ, ಬಳಸುತ್ತಾರೆ. ಒಂದು ಗುಂಡಿ ಒತ್ತಿದ್ದೇ ತಡ, ಬಾತುಕೋಳಿಗಳೆಲ್ಲ ಮನುಷ್ಯರಾದವು.

ಇದನ್ನೆಲ್ಲ ಹೇಳಿದ ಮೇಲೂ ಗೆಳೆಯ ಬಿಡಲಿಲ್ಲ. "ಅನುಭವಕ್ಕೆ ಬೆಲೆಯೇ ಇಲ್ವಾ?" ಇದೆಯಪ್ಪ, ಇರೋ ಜಾಗದಲ್ಲಿ ಇದೆ. ಅಮೆರಿಕದಲ್ಲಿ ಹ್ಯಾಮ್ ಪರೀಕ್ಷೆಯಲ್ಲಿ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ) ಇದ್ದ ಕೊನೆಯ ವರ್ಷಗಳಲ್ಲಿ ವಾಣಿಜ್ಯ ಟೆಲಿಗ್ರಾಫ್ ಲೈಸೆನ್ಸ್ ಉಳ್ಳವರಿಗೆ ಆ ಒಂದು ಭಾಗ ಮಾಫಿಯಾಗಿತ್ತು. ಬರಹದ ಪರೀಕ್ಷೆ ಮಾತ್ರ ಅವರೂ ಬರೆಯಬೇಕಿತ್ತು. ನನಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ಕೈಗೆ ಬಂದಿರುವ ವಿದ್ಯೆಯನ್ನು ಮತ್ತೆ ಅಳೆಯುವುದು ಬೇಡ, ಕಲಿಯದೇ ಇದ್ದದ್ದನ್ನು ಕಲಿತಿದ್ದೀಯಾ ಅಂತ ಕೇಳಲಿ. 2007ರಲ್ಲಿ ಅಲ್ಲಿ ಮೋರ್ಸ್ ಪರೀಕ್ಷೆಯೇ ಹೋಯಿತು, ಜೊತೆಗೆ ಮಾಫಿಯೂ.

ಹಾಗಂತ ಈ ಪರೀಕ್ಷೆ ದೊಡ್ಡ ತಪಸ್ಸು ಅನ್ನುವವರ ಜೊತೆಗೂ ನಾನಿಲ್ಲ. ಪ್ರಶ್ನೆಗಳು ಮೊದಲೇ ಸಿಗುವ ಕಡೆ ಅವನ್ನು ಉರು ಹೊಡೆದು ಪಾಸಾಗಿ, ಮಲ್ಟಿಮೀಟರ್ ಹಿಡಿಯಲು ಬಾರದವರೂ ಇದ್ದಾರೆ. ಹಡಗಿನವರು ಅಂದರೆ ಬರೀ ಗುಂಡಿ ಒತ್ತುವವರು ಅಂತ ಮೂಗು ಮುರಿಯುವ ಹ್ಯಾಮ್‌ಗಳೂ ಸಿಕ್ಕಿದ್ದಾರೆ. ಅಪಾಯದ ಹೊತ್ತಿನಲ್ಲಿ ಯಾವ ಗುಂಡಿ, ಯಾವ ಮಾತು, ಯಾವ ಕ್ರಮ ಎನ್ನುವುದು ನಿದ್ದೆಗಣ್ಣಲ್ಲೂ ಬರುವಂತೆ ಕಲಿಸಿದ ಶಿಸ್ತು ಹಡಗಿನವರದು. ಹಳೆಯ ರೇಡಿಯೊ ರೂಮಿನ ಗಡಿಯಾರ ನೋಡಿದ್ದೀರಾ? 15 ಮತ್ತು 45ನೇ ನಿಮಿಷದಿಂದ ಮೂರು ಮೂರು ನಿಮಿಷ ಕೆಂಪು ಬಣ್ಣ, ಗಂಟೆ ಮತ್ತು ಅರ್ಧ ಗಂಟೆಯಿಂದ ಮೂರು ಮೂರು ನಿಮಿಷ ಹಸಿರು. ಕೆಂಪು ಮೋರ್ಸಿನ ಅಪಾಯದ ಕರೆಗಳ 500 ಕಿಲೋಹರ್ಟ್ಸಿಗೆ, ಹಸಿರು ಮಾತಿನ ಅಪಾಯದ ಕರೆಗಳ 2182ಕ್ಕೆ. ಆ ನಿಮಿಷಗಳಲ್ಲಿ ಎಲ್ಲರೂ ಬಾಯಿ ಮುಚ್ಚಿ ಕೇಳಬೇಕಿತ್ತು, ಎಲ್ಲಾದರೂ ಒಂದು ಕ್ಷೀಣ ದನಿ ಮುಳುಗುತ್ತಿದೆಯಾ ಅಂತ.

ಈ ಜಗಳ ಹಳೆಯದೇ. ಹ್ಯಾಮ್ ಎನ್ನುವ ಪದವೇ ಮೊದಲು ವೃತ್ತಿಪರ ಟೆಲಿಗ್ರಾಫರು ಕೈ ಕುದುರದವರಿಗೆ ಇಟ್ಟ ಬೈಗುಳ. ಟೈಟಾನಿಕ್ ಮುಳುಗಿದ 1912ರಲ್ಲೇ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಿರಿಯ ತರಂಗಗಳಿಗೆ ತಳ್ಳಿತು. ಆ ಜಾಗ ಯಾತಕ್ಕೂ ಬಾರದ್ದು ಎನ್ನುವುದು ಆಗಿನ ನಂಬಿಕೆ. 1923ರ ನವೆಂಬರಿನಲ್ಲಿ ಹವ್ಯಾಸಿಗಳು ಸುಮಾರು 110 ಮೀಟರಿನಲ್ಲಿ ಅಟ್ಲಾಂಟಿಕ್ ಆಚೀಚೆ ಎರಡೂ ಕಡೆಯಿಂದ ಸಂದೇಶ ಕಳಿಸಿ ಸ್ವೀಕರಿಸಿದರು. ಆಮೇಲೆ ಅದೇ ಶಾರ್ಟ್‌ವೇವಿಗೆ ಕಂಪನಿಗಳು ಮುಗಿಬಿದ್ದವು. ನಾನು ಹಡಗಿನಲ್ಲಿ ಬಳಸಿದ ಎಚ್‌ಎಫ್ (ಶಾರ್ಟ್‌ವೇವ್) ಚಾನೆಲ್ಲುಗಳ ಹಿಂದೆ ಆ "ಕೈ ಕುದುರದವರ" ಪಾಲೂ ಇದೆ.

ಕೊನೆಗೆ ಓದಿದೆ, ಬರೆದೆ, ಪಾಸಾದೆ. ಕಾಲ್ ಸೈನ್, ಅಂದರೆ ರೇಡಿಯೊದಲ್ಲಿ ನನ್ನ ಗುರುತಿನ ಹೆಸರು, ಬಂತು. ಹಡಗಿನ ಕಾಲ್ ಸೈನ್ ಹಡಗಿನದ್ದು, ನಾನು ಇಳಿದರೆ ಅದು ಅಲ್ಲೇ ಉಳಿಯುತ್ತದೆ. ಇದು ನನ್ನದು. ಇಷ್ಟು ಖುಷಿಯಾಗುತ್ತೆ ಅಂತ ಅಂದುಕೊಂಡಿರಲಿಲ್ಲ.

ಮೊದಲ ಮಾತುಕತೆ ಮಾತ್ರ ನಗೆಪಾಟಲು. ಕಾಲ್ ಸೈನ್ ಸ್ಪಷ್ಟವಾಗಿ ಹೇಳಿದೆ, ಸಿಗ್ನಲ್ ವರದಿ ಕೊಟ್ಟೆ, "ಓವರ್" ಅಂದು ಸುಮ್ಮನಾದೆ. ಆ ಕಡೆಯವರು ಆಂಟೆನಾ ಯಾವುದು, ಎಷ್ಟು ಎತ್ತರ, ಹವೆ ಹೇಗಿದೆ ಅಂತ ಕೇಳುತ್ತಲೇ ಇದ್ದರು. ಕೆಲಸವಿಲ್ಲದೆ ರೇಡಿಯೊದಲ್ಲಿ ಮಾತಾಡುವುದು ತಪ್ಪು ಅಂತ ಇಷ್ಟು ವರ್ಷ ಕಲಿತ ನಾಲಿಗೆ ಏಳಲೇ ಇಲ್ಲ. ಇಲ್ಲೋ ನಿಯಮ ಉಲ್ಟಾ: ದುಡ್ಡಿನ ವ್ಯವಹಾರದ ಮಾತು ಆಡುವ ಹಾಗಿಲ್ಲ, ಹರಟೆಗೆ ಅಡ್ಡಿಯಿಲ್ಲ.

ಆ ಆಂಟೆನಾದ ಕಥೆಯನ್ನೂ ಹೇಳಿಬಿಡುತ್ತೇನೆ. 143 ಅನ್ನು ಬೇಕಾದ ಮೆಗಾಹರ್ಟ್ಸ್ 7.1ರಿಂದ ಭಾಗಿಸಿದರೆ 20 ಮೀಟರ್ 14 ಸೆಂಟಿಮೀಟರ್, ಅಷ್ಟುದ್ದದ ಡೈಪೋಲ್ (ಎರಡು ತೋಳಿನ ತಂತಿ ಆಂಟೆನಾ) ಕಟ್ಟಿದೆ. ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿಕೊಂಡಿದೆ ಎನ್ನುವ ಅಳತೆ, ಕಡಿಮೆಯಿದ್ದಷ್ಟು ಒಳ್ಳೆಯದು) ಅತಿ ಕಡಿಮೆ ಬಂದದ್ದು 6.95ರಲ್ಲಿ, ಅಂದರೆ ತಂತಿ ಉದ್ದವಾಗಿದೆ. ಲೆಕ್ಕ ಹಾಕಿದೆ, 43 ಸೆಂಟಿಮೀಟರ್ ಕತ್ತರಿಸಬೇಕು. ಎಡಗಡೆಯಿಂದ 43 ಕತ್ತರಿಸಿದೆ, ಬಲಗಡೆಯಿಂದಲೂ 43. ಒಟ್ಟು ಲೆಕ್ಕವನ್ನು ಎರಡೂ ತೋಳಿಗೆ ಹಂಚಬೇಕು ಅನ್ನುವುದು ಮೀಟರ್ 7.26 ತೋರಿಸಿದಾಗ ಹೊಳೆಯಿತು. ಹಡಗಿನಲ್ಲಾದರೆ ಟ್ಯೂನ್ ಗುಂಡಿ ಒತ್ತಿ ಮುಂದೆ ಹೋಗುತ್ತಿದ್ದೆ.

ಕತ್ತರಿಸಿದ ತುಂಡುಗಳನ್ನು ಎಸೆದಿರಲಿಲ್ಲ, ಪುಣ್ಯ. ಅರ್ಧರ್ಧ ಮಾಡಿ ಮತ್ತೆ ಬೆಸುಗೆ ಹಾಕಿದ್ದೇನೆ. ಎರಡೂ ಕಡೆ ಒಂದೊಂದು ಗಂಟು ನೇತಾಡುತ್ತಿದೆ, ನೋಡಲು ಚೆನ್ನಾಗಿಲ್ಲ. ಇವತ್ತು ರಾತ್ರಿ 40 ಮೀಟರಿನಲ್ಲಿ ಇರ್ತೀನಿ. ಲೋಯರ್ ಸೈಡ್‌ಬ್ಯಾಂಡಲ್ಲೇ.